ಎರಡು ಮಹಾಭಾರತ, ಒಂದು ಹೊಲಿಗೆ ಮಿಷನ್ನು

ಸಾಗರದಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಬ್ಲೌಸು, ಫಾಲ್, ಪಿಕೋ, ಶಾಲೆ ಯೂನಿಫಾರ್ಮು, ವಾರ್ಷಿಕೋತ್ಸವ ಬಂದಾಗ ಮಕ್ಕಳ ವೇಷದ ಬಟ್ಟೆ. ಮಿಷನ್ನಿನ ಎದುರು ಗೋಡೆಗೆ ಒಂದು ಟಿವಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಧಾರಾವಾಹಿ ನೋಡುವುದು ಕಮ್ಮಿ, ಕೇಳುವುದು ಜಾಸ್ತಿ. ಕಣ್ಣು ಸೂಜಿ ಮೇಲೆ, ಕಿವಿ ಟಿವಿ ಕಡೆ. ಹಾಗೆ ಕೂತೇ ಎರಡು ಮಹಾಭಾರತ ಮುಗಿಸಿದ್ದೇನೆ. ಒಂದು ಬಿ.ಆರ್. ಚೋಪ್ರಾ ಅವರದು, ದೂರದರ್ಶನದ್ದು. ಇನ್ನೊಂದು 2013ರಲ್ಲಿ ಸ್ಟಾರ್ ಪ್ಲಸ್‌ಗೆ ಮಾಡಿದ್ದು, ನಮಗೆ 2020ರಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡವಾಗಿ ಸಿಕ್ಕಿದ್ದು.

"ಅಕ್ಕಾ, ಮಕ್ಕಳಿಗೆ ಯಾವ ಮಹಾಭಾರತ ಹಾಕಲಿ?" ಎಂದು ಅಳತೆ ಕೊಡಲು ಬಂದವರು ಕೇಳುತ್ತಲೇ ಇರುತ್ತಾರೆ. ಟೇಪು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೇಳಲಾಗುತ್ತದೆ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹಳೆಯದನ್ನು ತಲೆ ಎತ್ತದೆ ಹೊಲಿಯುತ್ತಾ ಪೂರ್ತಿ ಅರ್ಥ ಮಾಡಿಕೊಳ್ಳಬಹುದು. ಹೊಸದರಲ್ಲಿ ತಲೆ ಎತ್ತದಿದ್ದರೆ ಅರ್ಧ ತಪ್ಪಿಹೋಗುತ್ತದೆ. ಸುಮಾರು ಹೊತ್ತು ಕಿವಿಗೆ ಬರೀ ಢಂ, ಢಂ, ಆಮೇಲೆ ಗಾಳಿ, ಆಮೇಲೆ ಯಾರೋ ಉಸಿರು ಬಿಟ್ಟದ್ದು. ತಲೆ ಎತ್ತಿ ನೋಡಿದರೆ ದುರ್ಯೋಧನ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಾನೆ. ಅಷ್ಟೇ. ಮಾತಿಲ್ಲ.

ಹಳೆಯದರ ಹುಟ್ಟು ಗೊತ್ತಿಲ್ಲದ ಚಿಕ್ಕವರಿಗಾಗಿ ಎರಡು ಮಾತು. 1988ರ ಅಕ್ಟೋಬರ್ 2, ಭಾನುವಾರ ಬೆಳಿಗ್ಗೆ ಶುರುವಾಯಿತು. 1990ರ ತನಕ ನಡೆಯಿತು, 94 ಕಂತು. ನಿರ್ದೇಶನ ಬಿ.ಆರ್. ಚೋಪ್ರಾ ಮತ್ತು ಅವರ ಮಗ ರವಿ ಚೋಪ್ರಾ. ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ, ಉತ್ತರ ಪ್ರದೇಶದ ಗಾಜಿಪುರ ಕಡೆಯ ಕಾದಂಬರಿಕಾರ. ವಾರಕ್ಕೊಂದೇ ಕಂತು. ಹಿಂದಿ ಬಾರದವರು ಕೂಡ ಭಾನುವಾರ ಬೆಳಿಗ್ಗೆ ಕೆಲಸ ಬಿಟ್ಟು ಟಿವಿ ಇದ್ದವರ ಮನೆ ಜಗಲಿಯಲ್ಲಿ ಕೂರುತ್ತಿದ್ದರು. ನಮ್ಮ ಕಡೆ ಕಥೆ ಗೊತ್ತಿಲ್ಲದವರು ಯಾರು? ಗದುಗಿನ ಭಾರತದ ವಾಚನ ಕೇಳಿದವರು, ಯಕ್ಷಗಾನ ನೋಡಿದವರು. ಕರ್ಣ ಏನು ಹೇಳುತ್ತಿದ್ದಾನೆ ಎಂದು ಹಿಂದಿಯಿಲ್ಲದೆಯೂ ಗೊತ್ತಾಗುತ್ತಿತ್ತು.

ಹೊಸದು ಸಿದ್ಧಾರ್ಥ ಕುಮಾರ್ ತಿವಾರಿ ಅವರ ಸ್ವಸ್ತಿಕ್ ಪ್ರೊಡಕ್ಷನ್ಸ್‌ನದು. 2013ರ ಸೆಪ್ಟೆಂಬರ್‌ನಿಂದ 2014ರ ಆಗಸ್ಟ್ ತನಕ ದಿನಾ ಬಂತು, 267 ಕಂತು. ಗುಜರಾತಿನ ಉಂಬರಗಾಂವ್‌ನಲ್ಲಿ ದೊಡ್ಡ ಸೆಟ್ ಹಾಕಿ ತೆಗೆದದ್ದು. ನೂರು ಕೋಟಿ ಬಜೆಟ್ ಎಂದು ಆಗ ದೊಡ್ಡ ಸುದ್ದಿ.

ಈಗ ಒಂದು ಲೆಕ್ಕ ನೋಡಿ. ಹಳೆಯದರ ಕಂತು ಒಂದೊಂದೂ ಮುಕ್ಕಾಲು ಗಂಟೆ. 94 ಕಂತು ಅಂದರೆ 70 ಗಂಟೆ. ಹೊಸದು ಜಾಹೀರಾತು ತೆಗೆದರೆ ಇಪ್ಪತ್ತು ನಿಮಿಷದ ಆಸುಪಾಸು. 267 ಕಂತು ಅಂದರೆ 90 ಗಂಟೆ ಹತ್ತಿರ. ಕೇಳಲಿಕ್ಕೆ ಮೂರು ಪಟ್ಟು ಅನ್ನಿಸುತ್ತದೆ, ಆದರೆ ಬಟ್ಟೆ ಹೆಚ್ಚು ಕಮ್ಮಿ ಅಷ್ಟೇ ಇದೆ. ಕತ್ತರಿಸಿದ ರೀತಿ ಬೇರೆ. ಮುಕ್ಕಾಲು ಗಂಟೆಯ ತುಂಡಿನಲ್ಲಿ ಒಂದು ಸಭೆ ಶುರುವಾಗಿ, ವಾದ ಬೆಳೆದು, ಒಂದು ತೀರ್ಮಾನಕ್ಕೆ ಬರಬಹುದು. ಇಪ್ಪತ್ತು ನಿಮಿಷದ ತುಂಡಿಗೆ ಅದು ಆಗದ ಮಾತು. ನಿನ್ನೆ ಏನಾಯಿತು ಎಂದು ಸ್ವಲ್ಪ ತೋರಿಸಬೇಕು, ನಾಳೆಗೆ ಜನ ಬರುವ ಹಾಗೆ ಕೊನೆಯಲ್ಲಿ ಒಂದು ಝಲಕ್ ಇಡಬೇಕು. ಮಧ್ಯದಲ್ಲಿ ಉಳಿಯುವುದು ಎಷ್ಟು? ಅದರಲ್ಲೂ ಒಬ್ಬ ಮಾತಾಡಿದರೆ ಸಭೆಯಲ್ಲಿದ್ದ ಅಷ್ಟೂ ಜನರ ಮುಖ ಒಂದೊಂದಾಗಿ ಬರಬೇಕು. ಅತ್ತೆ ಸೊಸೆ ಧಾರಾವಾಹಿಯ ಅಭ್ಯಾಸ ಅದು, ಹಸ್ತಿನಾಪುರದ ತನಕ ಬಂದಿದೆ.

ನನಗೆ ಹಳೆಯದು ಹಿಡಿಸಿದ್ದು ಯಾಕೆ ಎಂದು ಯೋಚಿಸಿದರೆ ನಮ್ಮೂರ ಕಡೆಯ ತಾಳಮದ್ದಳೆ ನೆನಪಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದಲ್ಲಿ ನಾಲ್ಕು ಜನ ಕೂರುತ್ತಾರೆ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಕೃಷ್ಣ ಸಂಧಾನ ಇಟ್ಟರೆ ಬೆಳಗಿನ ಜಾವದ ತನಕ ಕೌರವ ಸೋಲುವುದಿಲ್ಲ, ಕೃಷ್ಣನೂ ಬಿಡುವುದಿಲ್ಲ. ಕೂತು ಕೇಳುವವರಿಗೆ ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಚೋಪ್ರಾ ಮಹಾಭಾರತದ ಒಳಗಿನ ಹದ ಇದೇ. ಸೆಟ್ ನೋಡಿದರೆ ಕಂಬಕ್ಕೆ ಬಣ್ಣ ಹೊಡೆದದ್ದು ಗೊತ್ತಾಗುತ್ತದೆ, ಆದರೆ ಒಬ್ಬ ಮಾತು ಮುಗಿಸುವ ತನಕ ಕ್ಯಾಮೆರಾ ಕಾಯುತ್ತದೆ.

ದ್ಯೂತದ ಭಾಗವನ್ನೇ ತೆಗೆದುಕೊಳ್ಳಿ. ಎರಡರಲ್ಲೂ ಇದಕ್ಕೆ ಬಹಳ ಜಾಗ ಕೊಟ್ಟಿದ್ದಾರೆ, ಎರಡೂ ಇಲ್ಲೇ ತಮ್ಮ ಕೈ ತೋರಿಸುತ್ತವೆ.

ಹಳೆಯದರಲ್ಲಿ ದ್ರೌಪದಿಯನ್ನು ಕರೆಯಲು ಮೊದಲು ಒಬ್ಬ ಸೇವಕ ಬರುತ್ತಾನೆ. ಅವಳು ಎದ್ದು ಬರುವುದಿಲ್ಲ, ಒಂದು ಪ್ರಶ್ನೆ ಕಳಿಸುತ್ತಾಳೆ. ಯುಧಿಷ್ಠಿರ ಮೊದಲು ತನ್ನನ್ನು ಸೋತನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕೆ ಇಡಲು ಹಕ್ಕು ಎಲ್ಲಿಂದ ಬಂತು? ದುಶ್ಯಾಸನ ಕೂದಲು ಹಿಡಿದು ಎಳೆದು ತಂದ ಮೇಲೂ ಅವಳು ಇದನ್ನು ಬಿಡುವುದಿಲ್ಲ. ದ್ರೌಪದಿಯಾದ ರೂಪಾ ಗಂಗೂಲಿ ಅಳುತ್ತಾರೆ, ಆದರೆ ಅಳುವಿನ ಮಧ್ಯೆ ವಾದದ ಎಳೆ ಕಡಿಯುವುದಿಲ್ಲ. ಒಬ್ಬೊಬ್ಬ ಹಿರಿಯರ ಎದುರು ಹೋಗಿ ಕೇಳುತ್ತಾರೆ. ಮುಕೇಶ್ ಖನ್ನಾ ಅವರ ಭೀಷ್ಮ ತಲೆ ತಗ್ಗಿಸುತ್ತಾನೆ. ವಿದುರ ಬೈಯುತ್ತಾನೆ. ಕೌರವರಲ್ಲೇ ಒಬ್ಬ, ವಿಕರ್ಣ, ಎದ್ದು ನಿಂತು ಇದು ಅನ್ಯಾಯ ಅನ್ನುತ್ತಾನೆ. ಹಿನ್ನೆಲೆ ಸಂಗೀತ ಹಿಂದೆ ಸರಿದಿರುತ್ತದೆ. ಹೊಲಿಯುತ್ತಾ ಕೇಳಿದರೂ ಯಾರು ಎಲ್ಲಿ ನಿಂತಿದ್ದಾರೆ ಎಂದು ಧ್ವನಿಯಲ್ಲೇ ಗೊತ್ತಾಗುತ್ತದೆ.

ಸೀರೆಯ ವಿಷಯಕ್ಕೆ ಬರುತ್ತೇನೆ, ನನ್ನ ಕಸುಬು ಅಲ್ವಾ. ಆ ದೃಶ್ಯಕ್ಕೆ 250 ಮೀಟರ್ ಉದ್ದದ ಸೀರೆ ಮಾಡಿಸಿದ್ದರು ಎಂದು ಎಲ್ಲ ಕಡೆ ಬರೆದಿದ್ದಾರೆ. ಅಂಗಡಿ ಸೀರೆ ಐದೂವರೆ ಮೀಟರ್. ಅಂದರೆ 45 ಸೀರೆಯ ಬಟ್ಟೆ. ಎಳೆಯುವವನ ಕೈಗೆ ಭಾರ ಬೀಳುತ್ತದೆ, ಕಾಲ ಹತ್ತಿರ ಗುಡ್ಡೆಯಾಗುತ್ತದೆ, ಅವನು ಅದರ ಮಧ್ಯೆ ಕಾಲು ಸಿಕ್ಕಿಕೊಂಡು ಸುಸ್ತಾಗುತ್ತಾನೆ. ಬಟ್ಟೆಗೆ ತೂಕ ಇದೆ ಎಂದು ಟಿವಿಯಲ್ಲಿ ಕಾಣುವುದು ಅಪರೂಪ. ಇಲ್ಲಿ ಕಾಣುತ್ತದೆ. ದುಶ್ಯಾಸನ ದಣಿದು ಕೂತದ್ದು ನಟನೆ ಅನ್ನಿಸುವುದೇ ಇಲ್ಲ.

ಹೊಸದರಲ್ಲಿ ಇದೇ ಜಾಗಕ್ಕೆ ಬೆಳಕು, ಗಾಳಿ, ಶ್ಲೋಕ, ನಿಧಾನಗತಿ ಎಲ್ಲ ಒಟ್ಟಿಗೆ ಬರುತ್ತದೆ. ಮೈ ಜುಂ ಅನ್ನುವುದು ನಿಜ, ಇಲ್ಲ ಅನ್ನುವುದಿಲ್ಲ. ಇಲ್ಲಿಯ ದ್ರೌಪದಿ ಪೂಜಾ ಶರ್ಮಾ ಗಟ್ಟಿ ನಟಿ. ಅವರ ಸಿಟ್ಟು ರೂಪಾ ಗಂಗೂಲಿ ಅವರ ಸಿಟ್ಟಿಗಿಂತ ಬಿಸಿ. ಆದರೆ ಕೇಳಿದ ಪ್ರಶ್ನೆ ಸಂಗೀತದ ಅಡಿಗೆ ಹೋಗಿಬಿಡುತ್ತದೆ. ನೋಡಿದವರಿಗೆ ಅಯ್ಯೋ ಪಾಪ ಅನ್ನಿಸುತ್ತದೆ, ಹೌದಲ್ಲ ಇವಳು ಹೇಳುವುದು ಸರಿ ಎಂದು ತಲೆಗೆ ಹೋಗುವುದು ಕಮ್ಮಿ. ಈ ಕಂತುಗಳು ನಡೆಯುವಾಗ ಪಕ್ಕದ ಅಂಗಡಿಯ ಹುಡುಗಿ ಬಂದು ನಿಂತು ಕಣ್ಣೊರೆಸಿಕೊಂಡಳು. ಅದೇ ಭಾಗ ಹಳೆಯದರಲ್ಲಿ ಹಾಕಿದಾಗ ಅವಳು ಅಳಲಿಲ್ಲ. "ಅಲ್ಲ ಅಕ್ಕಾ, ಭೀಷ್ಮ ಯಾಕೆ ಬಾಯಿ ಬಿಡಲ್ಲ?" ಎಂದು ಜಗಳಕ್ಕೇ ಬಂದಳು. ಭೀಷ್ಮನ ಪರವಾಗಿ ನಾನು ಉತ್ತರ ಕೊಡಬೇಕಾಯಿತು.

ಹಾಗೆಂದು ದ್ರೌಪದಿಯ ಪಾತ್ರಕ್ಕೆ ಹೊಸದು ಮಾಡಿದ್ದನ್ನು ತೆಗೆದುಹಾಕುವ ಹಾಗಿಲ್ಲ. ಹಳೆಯದರಲ್ಲಿ ಅವಳು ಬೆಂಕಿಯಿಂದ ಬಂದಳು, ಸ್ವಯಂವರಕ್ಕೆ ನಿಂತಳು, ಬೇಗ ಬೇಗ ಮುಗಿಯಿತು. ಹೊಸದರಲ್ಲಿ ದ್ರುಪದನಿಗೆ ಬೇಕಾಗಿದ್ದದ್ದು ಮಗ, ಮಗಳು ಬೇಡವಾಗಿತ್ತು ಎಂದು ಒಂದು ಎಳೆ ತಂದಿದ್ದಾರೆ. ಯಾರಿಗೂ ಬೇಡವಾಗಿ ಬಂದವಳು, ಕೃಷ್ಣ ಒಬ್ಬನೇ ಗೆಳೆಯ. ವ್ಯಾಸರು ಹೀಗೆ ಬರೆದಿದ್ದಾರಾ ಎಂದು ಕೇಳಿದರೆ ಇಲ್ಲ. ಆದರೆ ಮೂರನೇ ಹೆಣ್ಣು ಹುಟ್ಟಿತು ಎಂದು ಮುಖ ಗಂಟು ಹಾಕಿಕೊಂಡ ಮನೆಗಳನ್ನು ನೋಡಿದ ನನ್ನಂಥವರಿಗೆ ಅದು ತಟ್ಟುತ್ತದೆ. ಕೃಷ್ಣ ಮತ್ತು ಕೃಷ್ಣೆಯ ಗೆಳೆತನವನ್ನೂ ಚೆನ್ನಾಗಿ ಬೆಳೆಸಿದ್ದಾರೆ. ಈ ಒಂದು ವಿಷಯದಲ್ಲಿ ಹೊಸದೇ ಮೇಲು.

ಇನ್ನು ಹಳೆಯದನ್ನು ಮೂಲ ಮೂಲ ಎಂದು ಕೈ ಮುಗಿಯುವವರಿಗೆ ಒಂದು ಮಾತು. ಮಯನ ಸಭೆಯಲ್ಲಿ ದುರ್ಯೋಧನ ನೀರಿಗೆ ಬಿದ್ದಾಗ ದ್ರೌಪದಿ "ಕುರುಡನ ಮಗ ಕುರುಡ" ಎಂದು ನಕ್ಕಳು ಎಂದು ಇಡೀ ದೇಶ ನಂಬಿದೆ. ಚೋಪ್ರಾ ಮಹಾಭಾರತದಲ್ಲಿ ಹಾಗಿದೆ. ವ್ಯಾಸಭಾರತದ ಪರಿಷ್ಕೃತ ಪಾಠದಲ್ಲಿ, ಅಂದರೆ ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ವಿದ್ವಾಂಸರು ಸಿದ್ಧಮಾಡಿದ್ದರಲ್ಲಿ, ನಕ್ಕವರು ಭೀಮ, ಅರ್ಜುನ, ಅವಳಿಗಳು, ಸೇವಕರು. ದ್ರೌಪದಿಯ ಬಾಯಲ್ಲಿ ಆ ಮಾತಿಲ್ಲ. ಇಷ್ಟು ದೊಡ್ಡ ಯುದ್ಧದ ತಪ್ಪನ್ನು ಒಬ್ಬ ಹೆಂಗಸಿನ ನಾಲಿಗೆ ಮೇಲೆ ಹಾಕಲು ಎಷ್ಟು ಅನುಕೂಲ ನೋಡಿ. ಹಳೆಯದು ಎಂಬ ಒಂದೇ ಕಾರಣಕ್ಕೆ ಶುದ್ಧ ಅಲ್ಲ.

ಪಾತ್ರಧಾರಿಗಳ ವಿಷಯಕ್ಕೆ ಬಂದರೆ ಶಕುನಿಯ ಮೇಲೆ ಒಂದು ಪ್ರಬಂಧವೇ ಬರೆಯಬಹುದು. ಹಳೆಯದರ ಗೂಫಿ ಪೇಂಟಲ್ ಬರೀ ನಟರಲ್ಲ, ಆ ಧಾರಾವಾಹಿಗೆ ನಟರನ್ನು ಆರಿಸಿದವರೂ ಅವರೇ. 2023ರಲ್ಲಿ ತೀರಿಕೊಂಡರು. ಎರಡು ಅಂಗೈ ಮಧ್ಯೆ ದಾಳ ಉಜ್ಜುತ್ತಾ, ಕುಂಟುತ್ತಾ ಬಂದು, ಪ್ರೀತಿಯಿಂದಲೇ ಅಳಿಯನ ಕಿವಿಯಲ್ಲಿ ವಿಷ ಬಿಡುತ್ತಾರೆ. ಧ್ವನಿ ಎಲ್ಲೂ ಏರುವುದಿಲ್ಲ. ಟಿವಿ ಕಡೆ ನೋಡದೆಯೂ ದಾಳದ ಸದ್ದಿನಿಂದಲೇ ಮಾವ ಬಂದ ಎಂದು ತಿಳಿಯುತ್ತದೆ. ಹೊಸದರ ಪ್ರಣೀತ್ ಭಟ್ ಕೂಡ ಕುಂಟುತ್ತಾರೆ, ಒಂದು ಕಣ್ಣು ಕಿರಿದು ಮಾಡುತ್ತಾರೆ, ಮಾತು ಎಳೆಯುತ್ತಾರೆ. ಚೆನ್ನಾಗಿಯೇ ಮಾಡಿದ್ದಾರೆ, ನನಗೆ ಹೊಸದರಲ್ಲಿ ಅತಿ ಹೆಚ್ಚು ಇಷ್ಟವಾದ ಕೆಲಸ ಅದೇ. ಒಂದೇ ತಕರಾರು ಅಂದರೆ ಅವರ ಶಕುನಿ ಕೆಟ್ಟವನು ಎಂದು ಬಾಗಿಲಲ್ಲಿ ನಿಂತಾಗಲೇ ಗೊತ್ತಾಗಿಬಿಡುತ್ತದೆ. ಅಂಥವನನ್ನು ಯಾವ ಮನೆಯವರು ಒಳಗೆ ಕೂರಿಸಿಕೊಳ್ಳುತ್ತಾರೆ? ಗೂಫಿ ಅವರ ಶಕುನಿಗಾದರೆ ನಾನೂ ಕಾಫಿ ಕೊಟ್ಟುಬಿಡುತ್ತಿದ್ದೆ.

ಭೀಮನ ಪಾತ್ರಕ್ಕೆ ಎರಡೂ ಕಡೆ ಆಟಗಾರರನ್ನೇ ತಂದಿದ್ದಾರೆ. ಹಳೆಯದರ ಪ್ರವೀಣ್ ಕುಮಾರ್ ಏಷ್ಯನ್ ಗೇಮ್ಸ್‌ನಲ್ಲಿ ಡಿಸ್ಕಸ್ ಎಸೆದು ಚಿನ್ನ ಗೆದ್ದವರು. ಹೊಸದರ ಸೌರವ್ ಗುರ್ಜರ್ ಆಮೇಲೆ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದರು. ಪ್ರವೀಣ್ ಕುಮಾರ್ ಬಂದು ನಿಂತರೆ ಸಾಕು, ಗದೆ ಸಣ್ಣದಾಗಿ ಕಾಣುತ್ತದೆ. ಬಾಯಿ ತೆರೆದರೆ ಮಾತ್ರ ಪಾಠ ಒಪ್ಪಿಸಿದ ಹಾಗೆ. ಇಲ್ಲಿ ಹೊಸ ಭೀಮನೇ ವಾಸಿ, ಸಲುಗೆ ಇದೆ, ತಮಾಷೆ ಇದೆ.

ಕರ್ಣ? ಪಂಪನ ಕಾಲದಿಂದಲೂ ಕನ್ನಡದವರಿಗೆ ಕರ್ಣ ಅಂದರೆ ಕರುಳು. 2025ರಲ್ಲಿ ತೀರಿಕೊಂಡ ಪಂಕಜ್ ಧೀರ್ ಅವರ ಕರ್ಣ ಮೌನಿ. ಅವಮಾನವನ್ನು ನುಂಗುತ್ತಾನೆ, ನುಂಗಿದ್ದು ಗಂಟಲಲ್ಲಿ ಕಾಣುತ್ತದೆ. ಅಹಂ ಶರ್ಮಾ ಅವರ ಕರ್ಣ ಚೆಲುವ, ಬಿಲ್ಲು ಹಿಡಿದರೆ ಹುಡುಗಿಯರು ಶಿಳ್ಳೆ ಹೊಡೆಯುವ ಹಾಗೆ. ಅಳುವಾಗ ಜಾಸ್ತಿ ಅಳುತ್ತಾನೆ.

ಕೃಷ್ಣನ ಬಗ್ಗೆ ಜಗಳ ಮುಗಿಯುವುದಿಲ್ಲ. ನಿತೀಶ್ ಭಾರದ್ವಾಜ್ ಓದಿದ್ದು ಪಶುವೈದ್ಯ. ಕೃಷ್ಣನಾದಾಗ ಇನ್ನೂ ಇಪ್ಪತ್ತೈದರ ಹುಡುಗ. ನಗುತ್ತಾರೆ, ಕೀಟಲೆ ಮಾಡುತ್ತಾರೆ, ಸಂಧಾನಕ್ಕೆ ಹೋದಾಗ ಐದು ಊರು ಕೇಳುವ ಧ್ವನಿಯಲ್ಲಿ ಇವನು ಕೊಡುವುದಿಲ್ಲ ಎಂಬುದು ಗೊತ್ತಿದ್ದೂ ಕೇಳುತ್ತಿದ್ದೇನೆ ಅನ್ನುವುದು ಇದೆ. ಸೌರಭ್ ರಾಜ್ ಜೈನ್ ಅದಕ್ಕೆ ಮೊದಲು ಮಹಾದೇವನ ಧಾರಾವಾಹಿಯಲ್ಲಿ ವಿಷ್ಣುವಾಗಿದ್ದವರು. ಅವರ ಕೃಷ್ಣ ಶಾಂತ, ನಿಧಾನ, ಎಲ್ಲ ಗೊತ್ತಿರುವವನು. ಅವನು ನಡುನಡುವೆ ಕಥೆ ನಿಲ್ಲಿಸಿ ನಮ್ಮ ಕಡೆ ತಿರುಗಿ ಉಪದೇಶ ಕೊಡುತ್ತಾನೆ. ಭಯ ಅಂದರೆ ಏನು, ಸೇಡು ಯಾಕೆ ಬೇಡ, ಮಕ್ಕಳನ್ನು ಹೇಗೆ ಬೆಳೆಸಬೇಕು. ಕೊನೆಗೆ ನೀವೇ ಯೋಚಿಸಿ ಎಂದು ಬಿಡುತ್ತಾನೆ. ಆ ತುಣುಕುಗಳು ಕನ್ನಡದಲ್ಲೂ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬೆಳಿಗ್ಗೆ ಎದ್ದರೆ ನಾಲ್ಕು ಸಿಗುತ್ತವೆ. ಮೊದಮೊದಲು ಹಿತವಾಗಿತ್ತು. ಆಮೇಲೆ, ಅಯ್ಯಾ ಮಾರಾಯ, ಕಥೆ ಹೇಳು ಸಾಕು ಅನ್ನಿಸಿತು. ಹಳೆಯದರಲ್ಲಿ ಕಥೆ ಹೇಳುವವನು ಕಾಲ. ಹರೀಶ್ ಭಿಮಾನಿ ಅವರ ಧ್ವನಿ ಮಾತ್ರ, ಮುಖವಿಲ್ಲ. ಕಾಲ ಯಾರ ಪರವೂ ಅಲ್ಲ. ಭೀಷ್ಮನನ್ನೂ ಬಿಡುವುದಿಲ್ಲ, ಯುಧಿಷ್ಠಿರನನ್ನೂ ಬಿಡುವುದಿಲ್ಲ. ಹೊಸದರಲ್ಲಿ ಕಥೆಯ ಒಳಗಿರುವ ದೇವರೇ ನ್ಯಾಯವನ್ನೂ ಹೇಳುತ್ತಾನೆ. ಆಮೇಲೆ ದ್ರೋಣನನ್ನು ಸುಳ್ಳು ಹೇಳಿ ಕೊಲ್ಲಿಸಿದ್ದನ್ನು ಪ್ರಶ್ನೆ ಮಾಡುವವರು ಯಾರು?

ಬಟ್ಟೆ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಿ.

ಹಳೆಯದರ ಬಟ್ಟೆ ನಾಟಕ ಕಂಪನಿಯ ಬಟ್ಟೆ. ಸ್ಯಾಟಿನ್, ವೆಲ್ವೆಟ್ಟು, ಅಂಚಿಗೆ ಜರಿ ಲೇಸು. ಹತ್ತಿರದ ಶಾಟಿನಲ್ಲಿ ಹಣೆಯ ಮೇಲೆ ವಿಗ್ ಅಂಟಿಸಿದ ಗೆರೆ ಕಾಣುತ್ತದೆ. ಕಿರೀಟಗಳಿಗೆ ಭಾರವಿಲ್ಲ, ತಲೆ ತಿರುಗಿಸುವ ರೀತಿಯಲ್ಲೇ ಗೊತ್ತಾಗುತ್ತದೆ. ರಾಜ, ಮಂತ್ರಿ, ಸಾರಥಿ ಎಲ್ಲರೂ ಮದುವೆಗೆ ಹೊರಟ ಹಾಗೆ ಮಿರಮಿರ. ಹೊಸದರಲ್ಲಿ ಆಸ್ಕರ್ ಗೆದ್ದ ವಸ್ತ್ರವಿನ್ಯಾಸಕಿ ಭಾನು ಅಥೈಯಾ ಅವರ ಕೈ ಇದೆ, ಅದು ಕಾಣುತ್ತದೆ. ಬಟ್ಟೆಗೆ ಪದರ ಇದೆ, ನೇಯ್ಗೆ ಕಾಣುತ್ತದೆ. ಹಸ್ತಿನಾಪುರದವರ ಉಡುಗೆಗೂ ಪಾಂಚಾಲದವರ ಉಡುಗೆಗೂ ವ್ಯತ್ಯಾಸವಿದೆ. ದ್ರೌಪದಿಯ ಸೆರಗು ಹೆಗಲ ಮೇಲೆ ಬೀಳುವ ರೀತಿ ನೋಡಿ ನಾನು ಮಿಷನ್ ನಿಲ್ಲಿಸಿ ಕೂತದ್ದುಂಟು. ಪಿನ್ ಎಲ್ಲಿ ಹಾಕಿದ್ದಾರೆ ಎಂದು ಹುಡುಕಿದೆ, ಸಿಗಲಿಲ್ಲ.

ಆದರೆ ಕೊಂಕು ಇಲ್ಲೂ ಇದೆ. ಹನ್ನೆರಡು ವರ್ಷ ಕಾಡಿನಲ್ಲಿ ಅಲೆದವರ ಬಟ್ಟೆಗೆ ಒಂದು ತೇಪೆ ಬೇಡವಾ? ಬಣ್ಣ ಕಾವಿ, ಇಸ್ತ್ರಿ ಮಾತ್ರ ಗರಿಗರಿ. ಗಂಡಸರ ಮೈಗೆ ಎಣ್ಣೆ ಹಚ್ಚಿದ ಹೊಳಪು. ಯುದ್ಧದ ಹದಿನೆಂಟನೇ ದಿನವೂ ಕೂದಲು ಶಾಂಪೂ ಜಾಹೀರಾತಿನ ಹಾಗೆ ಹಾರುತ್ತದೆ.

ಜನ್ಮಾಷ್ಟಮಿ ಹತ್ತಿರ ಬಂದರೆ ಅಂಗಡಿಗೆ ತಾಯಂದಿರು ಮೊಬೈಲಿನಲ್ಲಿ ಹೊಸ ಕೃಷ್ಣನ ಫೋಟೋ ಹಿಡಿದುಕೊಂಡು ಬರುತ್ತಾರೆ. "ಸೇಮ್ ಹೀಗೇ ಬೇಕು." ಹಳೆಯ ಕೃಷ್ಣನ ಉಡುಗೆಯಾದರೆ ಎರಡು ಮೀಟರ್ ಹಳದಿ ಸ್ಯಾಟಿನ್, ಒಂದು ಶಲ್ಯ, ನಾಲ್ಕು ಮೀಟರ್ ಲೇಸು, ಒಂದು ಮಧ್ಯಾಹ್ನದ ಕೆಲಸ. ಹೊಸದಕ್ಕೆ ಎದೆ ಮೇಲೆ ಲೋಹದ ಹಾಗಿನ ಕೆಲಸ, ತೋಳಿಗೆ ಬೇರೆ ಪಟ್ಟಿ, ಸೊಂಟಕ್ಕೆ ಮೂರು ಸುತ್ತು. ಐದು ವರ್ಷದ ಮಗುವಿಗೆ ಅಷ್ಟು ಹಾಕಿದರೆ ಅದು ವೇದಿಕೆ ಮೇಲೆ ಕೊಳಲು ಬಿಟ್ಟು ಮೈ ಕೆರೆದುಕೊಳ್ಳುತ್ತದೆ. ಹಳೆಯದನ್ನೇ ಹೊಲಿದು, ನವಿಲುಗರಿ ಮಾತ್ರ ಹೊಸದರ ಹಾಗೆ ಸಿಕ್ಕಿಸಿ ಕಳಿಸುತ್ತೇನೆ. ಇಲ್ಲಿಯ ತನಕ ಯಾರೂ ತಕರಾರು ತೆಗೆದಿಲ್ಲ.

ಯುದ್ಧವನ್ನು ಬೇಗ ಮುಗಿಸುತ್ತೇನೆ. ಹಳೆಯದರಲ್ಲಿ ಬಾಣ ಹೋಗಿ ಬಾಣಕ್ಕೆ ಢಿಕ್ಕಿ ಹೊಡೆದು ಬೆಳಕು ಬರುತ್ತದೆ, ಮಕ್ಕಳು ನಗುತ್ತಾರೆ. ಹೊಸದರ ಗ್ರಾಫಿಕ್ಸ್ ಆಗ ದೊಡ್ಡದು, ಈಗ ಮೊಬೈಲ್ ಗೇಮಿನ ಹಾಗಿದೆ. ಅದಕ್ಕೂ ಮಕ್ಕಳು ನಗುತ್ತಾರೆ. ಇನ್ನೊಂದು ಹತ್ತು ವರ್ಷ ಹೋದರೆ ಎರಡೂ ಒಂದೇ.

ಇನ್ನು ಕನ್ನಡದ ವಿಷಯ. ಇದನ್ನು ಬಿಟ್ಟು ಬರೀ ಹಿಂದಿಯ ಎರಡನ್ನು ತೂಗಿದರೆ ನಮ್ಮ ಮಟ್ಟಿಗೆ ಅನ್ಯಾಯ. ಕನ್ನಡದಲ್ಲಿ ಡಬ್ಬಿಂಗ್ ಕೂಡದು ಎಂಬ ಕಟ್ಟು ದಶಕಗಳ ಕಾಲ ಇತ್ತು. ಕಾನೂನಲ್ಲ, ಉದ್ಯಮದವರೇ ಹಾಕಿಕೊಂಡ ಬೇಲಿ. ನಮ್ಮ ಕಲಾವಿದರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ಹೆದರಿಕೆಗೆ ಅವರ ಕಾರಣಗಳಿದ್ದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದು ಸರಿಯಲ್ಲ ಎಂದು ದಂಡ ಹಾಕಿತು. ತಮಿಳಿನವರು 2013ರಲ್ಲೇ ಹೊಸ ಮಹಾಭಾರತವನ್ನು ತಮ್ಮ ಭಾಷೆಯಲ್ಲಿ ನೋಡತೊಡಗಿದ್ದರು. ನಮಗೆ ಬಂದದ್ದು 2020ರ ಮೇ ತಿಂಗಳು. ಲಾಕ್‌ಡೌನ್, ಧಾರಾವಾಹಿಗಳ ಶೂಟಿಂಗ್ ನಿಂತಿತ್ತು, ಚಾನೆಲ್‌ಗಳಿಗೆ ಹಾಕಲು ಏನೂ ಇರಲಿಲ್ಲ. ಅದೇ ಲಾಕ್‌ಡೌನ್‌ನಲ್ಲಿ ಡಿಡಿ ಭಾರತಿಯಲ್ಲಿ ಹಳೆಯದು ಮರುಪ್ರಸಾರ. ಅಂಗಡಿ ಬಾಗಿಲು ಹಾಕಿ ಮನೆಯಲ್ಲಿ ಬಟ್ಟೆ ಮಾಸ್ಕ್ ಹೊಲಿಯುತ್ತಾ ಎರಡನ್ನೂ ಅಕ್ಕಪಕ್ಕ ಕೇಳುವ ಯೋಗ ಹಾಗೆ ಬಂತು.

ನನ್ನ ಅತ್ತೆಗೆ ಹಿಂದಿ ಬರುವುದಿಲ್ಲ. ಹಳೆಯದನ್ನು ಅವರು ಆಗ ನೋಡಿದ್ದು ಬಣ್ಣ ಮತ್ತು ಅಳು ಮಾತ್ರ. ಕನ್ನಡದ್ದು ಶುರುವಾದ ಮೇಲೆ ಅವರು ಧಾರಾವಾಹಿಯ ಜೊತೆ ಮಾತಾಡತೊಡಗಿದರು. ಗಾಂಧಾರಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಾಗ, "ಮಕ್ಕಳನ್ನು ನೋಡಿಕೊಳ್ಳುವವರು ಯಾರೇ ನಿನ್ನಪ್ಪನಾ?" ಎಂದು ಕೇಳಿದರು. ಧೃತರಾಷ್ಟ್ರನಿಗಂತೂ ದಿನಾ ಬೈಗುಳ. ಹಳೆಯದರಲ್ಲಿ ಇದ್ದ ವಾದದ ಸುಖ, ನಾನು ಇಷ್ಟು ಹೊತ್ತು ಹೊಗಳಿದ್ದು, ಅವರಿಗೆ ಎಂದೂ ಸಿಕ್ಕಿರಲೇ ಇಲ್ಲ. ಹೊಸದರಲ್ಲಿ ಅರ್ಧ ಸಿಕ್ಕಿತು. ಅರ್ಧವೇ ಇರಲಿ, ಕನ್ನಡದಲ್ಲಿ ಸಿಕ್ಕಿತು.

ಡಬ್ಬಿಂಗ್ ಹೇಗಿದೆ ಅಂದರೆ, ಚೆನ್ನಾಗಿದೆ. ಮಾತು ಸ್ವಲ್ಪ ಪುಸ್ತಕದ್ದು, ಪುರಾಣಕ್ಕೆ ಅದು ಹೊಂದುತ್ತದೆ. ಧರ್ಮ, ಪ್ರತಿಜ್ಞೆ, ಅಪಮಾನ, ಸಿಂಹಾಸನ ಇಂಥವೆಲ್ಲ ಹಿಂದಿಯಲ್ಲೂ ಕನ್ನಡದಲ್ಲೂ ಒಂದೇ ಆದ್ದರಿಂದ ತುಟಿಯೂ ಬಹಳ ಕಡೆ ಕೂಡುತ್ತದೆ. ಕೃಷ್ಣನ ಕನ್ನಡ ಧ್ವನಿ ಹಿತ. ದುರ್ಯೋಧನ ಕಿರುಚಿದಾಗ ಮಾತ್ರ ಪದಗಳು ಒಂದರ ಮೇಲೊಂದು ಬೀಳುತ್ತವೆ, ತುಂಬ ಹೇಳುವುದಿದೆ, ಬಾಯಿ ಬೇಗ ಮುಚ್ಚಿತು ಅನ್ನುವ ಹಾಗೆ.

ಮರುಮಾಡಿದ್ದರಲ್ಲಿ ಇದಕ್ಕಿಂತ ಕೆಟ್ಟದ್ದೂ ಬಂದಿದೆ, ಮರೆಯಬೇಡಿ. 2008ರಲ್ಲಿ 9ಎಕ್ಸ್ ಚಾನೆಲ್‌ಗೆ ಏಕ್ತಾ ಕಪೂರ್ ಮಾಡಿದ ಮಹಾಭಾರತ ಅದೇ ವರ್ಷ ನಿಂತುಹೋಯಿತು. ಅದೇ 2008ರಲ್ಲಿ ರಮಾನಂದ ಸಾಗರ್ ಅವರ ಮನೆಯ ಸಂಸ್ಥೆಯೇ ತಮ್ಮ 1987ರ ರಾಮಾಯಣವನ್ನು ಮತ್ತೆ ಮಾಡಿತು. ಗುರ್ಮೀತ್ ಚೌಧರಿ ರಾಮ. ನೋಡಲು ಅಚ್ಚುಕಟ್ಟು, ಆದರೆ ರಾಮ ಅಂದರೆ ಇವತ್ತಿಗೂ ಜನ ಅರುಣ್ ಗೋವಿಲ್ ಅವರ ಕಾಲಿಗೇ ಬೀಳುತ್ತಾರೆ. ಇವೆರಡರ ಮುಂದೆ 2013ರದು ತನ್ನ ಕಾಲ ಮೇಲೆ ನಿಂತಿದೆ. ಹುಡುಗರಿಗೆ ಕೃಷ್ಣ ಅಂದರೆ ಈಗ ಸೌರಭ್ ರಾಜ್ ಜೈನ್ ಮುಖವೇ. ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಜಾಗ ಮಾಡಿಕೊಳ್ಳುವುದು ಸಣ್ಣ ಮಾತಲ್ಲ.

ಹಾಗಾದರೆ ಯಾವುದು ಹಾಕುವುದು? ಹತ್ತು ವರ್ಷದ ಒಳಗಿನ ಮಕ್ಕಳಿದ್ದರೆ, ಹಿಂದಿ ಬಾರದ ಹಿರಿಯರಿದ್ದರೆ, ಕನ್ನಡದ ಹೊಸದರಿಂದ ಶುರು ಮಾಡಿ. ಜಿಯೋ ಹಾಟ್‌ಸ್ಟಾರ್‌ನಲ್ಲಿದೆ. ಕೃಷ್ಣ ಉಪದೇಶಕ್ಕೆ ನಿಂತಾಗ ಮುಂದಕ್ಕೆ ಓಡಿಸಿದರೆ ಪಾಪ ಬರುವುದಿಲ್ಲ. ಹೈಸ್ಕೂಲಿಗೆ ಬಂದವರಿಗೆ ಹಳೆಯದನ್ನು ಯೂಟ್ಯೂಬ್‌ನಲ್ಲಿ ಹಾಕಿಕೊಡಿ. ಅದೂ ಮೊದಲ ಕಂತಿನಿಂದ ಬೇಡ, ಓಡಿಹೋಗುತ್ತಾರೆ. ಗೋಕುಲದ ಕಂತುಗಳು ಹಾಡು ಹಾಡು ಎಂದು ಎಳೆಯುತ್ತವೆ, ಅಲ್ಲಿ ನನಗೂ ನಿದ್ದೆ ಬರುತ್ತದೆ. ದ್ಯೂತದಿಂದ ಶುರು ಮಾಡಿ ಸಂಧಾನ, ಗೀತೆ, ಶರಶಯ್ಯೆ ಹೀಗೆ ಬನ್ನಿ. ಇಷ್ಟವಾದರೆ ಅವರೇ ಹಿಂದಕ್ಕೆ ಹೋಗಿ ಶಂತನು, ಗಂಗೆಯಿಂದ ನೋಡುತ್ತಾರೆ.

ಕೈಯಲ್ಲಿ ಕೆಲಸ ಇಟ್ಟುಕೊಂಡು ಕೇಳುವವರು, ಅಂದರೆ ನನ್ನ ಹಾಗೆ ಮಿಷನ್ ಓಡಿಸುವವರು, ಅಡಿಕೆ ಸುಲಿಯುವವರು, ಹಪ್ಪಳ ಲಟ್ಟಿಸುವವರು, ಹಳೆಯದನ್ನೇ ಹಾಕಿಕೊಳ್ಳಿ. ಪ್ರಿಂಟು ಮಸುಕು, ಧ್ವನಿ ಸ್ವಲ್ಪ ಸಣ್ಣ. ಸೌಂಡು ಜಾಸ್ತಿ ಇಟ್ಟುಕೊಳ್ಳಬೇಕು. ಶುರುವಿನ ಹಾಡು,ಶಂಖ ಬರುವಾಗ ಮಾತ್ರ ಕಡಿಮೆ ಮಾಡಿ, ಪಕ್ಕದ ಅಂಗಡಿಯವರು ಬೈಯುತ್ತಾರೆ.